ಮಿದುಳಿಗೂ ಕಾವಲುಂಟು

ಕ್ಯಾನ್ಸರಿನ ಹೊಸ ಔಷಧಿಯನ್ನು ಪರೀಕ್ಷಿಸುವಾಗ ಯಾವ ರೋಗಿಗಳನ್ನು ಸೇರಿಸಿಕೊಳ್ಳಬೇಕು, ಯಾರನ್ನು ಬಿಡಬೇಕು ಎಂಬ ನಿಯಮಗಳನ್ನು ಮೊದಲೇ ಬರೆದಿಡುತ್ತಾರೆ. ದಶಕಗಳ ಕಾಲ ಆ ನಿಯಮಗಳಲ್ಲಿ ಒಂದು ಸಾಲು ಹೆಚ್ಚುಕಡಿಮೆ ತಪ್ಪದೆ ಇರುತ್ತಿತ್ತು: ರೋಗ ಮಿದುಳಿಗೆ ಹರಡಿದ್ದರೆ ಪ್ರವೇಶವಿಲ್ಲ. ಚರ್ಮದಲ್ಲೋ ಶ್ವಾಸಕೋಶದಲ್ಲೋ ಸ್ತನದಲ್ಲೋ ಹುಟ್ಟಿದ ಕ್ಯಾನ್ಸರ್ ರಕ್ತದೊಡನೆ ಹರಿದು ತಲೆಗೇರಿದವರಿಗೆ ಹೊಸ ಔಷಧಿ ಎಲ್ಲರಿಗಿಂತ ಹೆಚ್ಚು ಬೇಕಿತ್ತು; ಸಿಗುತ್ತಿದ್ದುದು ಎಲ್ಲರಿಗಿಂತ ತಡವಾಗಿ. ಆ ಸಾಲಿನ ಹಿಂದೆ ಗಟ್ಟಿಯಾದ ಒಂದು ನಂಬಿಕೆಯಿತ್ತು. ರೋಗನಿರೋಧಕ ವ್ಯವಸ್ಥೆಗೆ ಮಿದುಳಿನೊಳಗೆ ಕೆಲಸವಿಲ್ಲ, ಔಷಧಿಗಳೂ ಅಲ್ಲಿಗೆ ಮುಟ್ಟುವುದಿಲ್ಲ ಎಂದು ವೈದ್ಯಲೋಕ ಒಪ್ಪಿಕೊಂಡಿತ್ತು. ಈ ನಂಬಿಕೆ ಹುಟ್ಟಿದ್ದು ಒಳ್ಳೆಯ ಪ್ರಯೋಗಗಳಿಂದಲೇ. ಆದರೆ ಆ ಪ್ರಯೋಗಗಳು ಹೇಳಿದ್ದರಲ್ಲಿ ಅರ್ಧ ಮಾತ್ರ ಜನರ ನೆನಪಿನಲ್ಲಿ ಉಳಿಯಿತು.

1885ರಲ್ಲಿ ಜರ್ಮನಿಯ ಪೌಲ್ ಎಹ್ರ್ಲಿಖ್ ಪ್ರಾಣಿಗಳ ರಕ್ತಕ್ಕೆ ಬಣ್ಣದ ದ್ರಾವಣ ಸೇರಿಸಿ ನೋಡಿದ. ಉಳಿದ ಅಂಗಗಳೆಲ್ಲ ಬಣ್ಣ ಹಿಡಿದವು, ಮಿದುಳು ಹಿಡಿಯಲಿಲ್ಲ. ಅವನ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ 1913ರಲ್ಲಿ ಅದೇ ಪ್ರಯೋಗವನ್ನು ತಿರುವುಹಾಕಿದ. ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತುವರಿದ ದ್ರವಕ್ಕೆ ಬಣ್ಣ ಬೆರೆಸಿದಾಗ ಮಿದುಳು ಬಣ್ಣ ಹಿಡಿಯಿತು, ಉಳಿದ ಮೈ ಹಾಗೆಯೇ ಉಳಿಯಿತು. ರಕ್ತಕ್ಕೂ ಮಿದುಳಿಗೂ ನಡುವೆ ಒಂದು ತಡೆ ಇದೆ ಎಂಬುದು ಇದರಿಂದ ಸ್ಪಷ್ಟವಾಯಿತು. ಮಿದುಳಿನ ಸೂಕ್ಷ್ಮ ರಕ್ತನಾಳಗಳ ಗೋಡೆಯ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿರುವುದೇ ಆ ತಡೆ ಎಂದು 1967ರಲ್ಲಿ ಥಾಮಸ್ ರೀಸ್ ಮತ್ತು ಮಾರಿಸ್ ಕಾರ್ನೋವ್‌ಸ್ಕಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೋರಿಸಿಕೊಟ್ಟರು.

ಇತ್ತ ಕಸಿಯ ಪ್ರಯೋಗಗಳು ಇನ್ನೊಂದು ದಾರಿಯಿಂದ ಅದೇ ತೀರ್ಮಾನಕ್ಕೆ ಬರುತ್ತಿದ್ದಂತೆ ಕಂಡಿತು. 1921ರಲ್ಲಿ ಜಪಾನಿನ ಶಿರಾಯ್ ಎಂಬ ವಿಜ್ಞಾನಿ ಇಲಿಯ ಗಡ್ಡೆಯನ್ನು ತೆಗೆದು ಸುಂಡಿಲಿಯ ಮಿದುಳಿಗೆ ಹಾಕಿದ. ಚರ್ಮದಡಿಯಲ್ಲಿ ಇಟ್ಟರೆ ದೇಹ ಹೊರಹಾಕುತ್ತಿದ್ದ ಆ ಪರಕೀಯ ಗಡ್ಡೆ ಮಿದುಳಿನಲ್ಲಿ ನಿರಾತಂಕವಾಗಿ ಬೆಳೆಯಿತು. ಎರಡು ವರ್ಷಗಳ ನಂತರ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಜೇಮ್ಸ್ ಮರ್ಫಿ ಮತ್ತು ಅರ್ನೆಸ್ಟ್ ಸ್ಟರ್ಮ್ ಇದನ್ನೇ ಮತ್ತೆ ಮಾಡಿ ನೋಡಿ, ಎರಡು ಮುಖ್ಯ ಸಂಗತಿಗಳನ್ನು ಸೇರಿಸಿದರು. ಗಡ್ಡೆಯ ಜೊತೆಗೆ ಆ ಪ್ರಾಣಿಯದೇ ಗುಲ್ಮದ ಒಂದು ಚೂರನ್ನು ಮಿದುಳಿಗಿಟ್ಟರೆ ಗಡ್ಡೆ ಬದುಕುತ್ತಿರಲಿಲ್ಲ. ದ್ರವ ತುಂಬಿದ ಮಿದುಳಿನ ಒಳಕುಳಿಗೆ ತಾಗಿಕೊಂಡು ಇಟ್ಟರೂ ಬದುಕುತ್ತಿರಲಿಲ್ಲ.

1948ರಲ್ಲಿ ಇಂಗ್ಲೆಂಡಿನ ಪೀಟರ್ ಮೆಡಾವರ್ ಈ ಪ್ರಶ್ನೆಯನ್ನು ಇನ್ನಷ್ಟು ಹರಿತಗೊಳಿಸಿದರು. ಯುದ್ಧದಲ್ಲಿ ಸುಟ್ಟಗಾಯವಾದವರಿಗೆ ಬೇರೊಬ್ಬರ ಚರ್ಮವನ್ನು ಕಸಿ ಮಾಡಿದರೆ ಅದು ಏಕೆ ನಿಲ್ಲುವುದಿಲ್ಲ ಎಂದು ಹುಡುಕುತ್ತ ಹೊರಟವರು ಅವರು. ಮೊಲಗಳ ಮಿದುಳಿಗೆ ಬೇರೆ ಮೊಲದ ಚರ್ಮದ ತುಣುಕನ್ನು ಕಸಿ ಮಾಡಿದಾಗ ಅದು ಉಳಿದುಕೊಂಡಿತು. ಆದರೆ ಅದೇ ದಾನಿಯ ಚರ್ಮವನ್ನು ಮೊದಲು ಮೊಲದ ಮೈಮೇಲೆ ಕಸಿ ಮಾಡಿ, ದೇಹಕ್ಕೆ ಅದರ ಪರಿಚಯವಾದ ಮೇಲೆ ಮಿದುಳಿಗೆ ಇಟ್ಟರೆ, ಮಿದುಳಿನಲ್ಲಿದ್ದ ತುಣುಕೂ ನಾಶವಾಯಿತು. ಮಿದುಳಿನೊಳಗಿನ ಪರಕೀಯ ವಸ್ತು ರೋಗನಿರೋಧಕ ವ್ಯವಸ್ಥೆಯನ್ನು ತಾನಾಗಿ ಎಚ್ಚರಿಸಲಾರದು; ಹೊರಗೆ ಎಚ್ಚರಗೊಂಡ ವ್ಯವಸ್ಥೆಯಿಂದ ತಪ್ಪಿಸಿಕೊಳ್ಳಲೂ ಆರದು. ಮೆಡಾವರ್ ಕಂಡದ್ದು ಈ ಎರಡನ್ನೂ. ಮುಂದಿನ ಪೀಳಿಗೆಯ ಪಠ್ಯಪುಸ್ತಕಗಳು ಮೊದಲರ್ಧವನ್ನು ಬಿತ್ತರಿಸಿದವು. ಮಿದುಳು ರೋಗನಿರೋಧಕ ವ್ಯವಸ್ಥೆಯಿಂದ ವಿನಾಯಿತಿ ಪಡೆದ ಅಂಗ ಎಂಬ ಮಾತು ಪಾಠವಾಗಿ ನಿಂತಿತು, ಎರಡನೆಯ ಅರ್ಧ ಗ್ರಂಥಾಲಯದಲ್ಲಿ ಉಳಿಯಿತು.

ಆಸ್ಪತ್ರೆಗಳಲ್ಲಿ ಅಷ್ಟರಲ್ಲಿ ಮಿದುಳಿಗೆ ಹರಡಿದ ಕ್ಯಾನ್ಸರಿಗೆ ಬೇರೆ ದಾರಿಗಳನ್ನು ಹುಡುಕಲಾಗುತ್ತಿತ್ತು. 1950ರ ದಶಕದಿಂದ ಇಡೀ ಮಿದುಳಿಗೆ ವಿಕಿರಣ ಕೊಡುವುದು ರೂಢಿಯಾಯಿತು. 1960ರ ದಶಕದ ಆರಂಭದಲ್ಲಿ ಅಮೆರಿಕದ ಮಿನ್ನೆಸೋಟದ ವೈದ್ಯರು ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಮಿದುಳಿನ ಊತವನ್ನು ಬೇಗ ಇಳಿಸುತ್ತದೆ ಎಂದು ಕಂಡುಕೊಂಡರು. ತಲೆನೋವು, ವಾಂತಿ, ಕೈಕಾಲಿನ ದೌರ್ಬಲ್ಯದಿಂದ ನರಳುತ್ತಿದ್ದವರು ಒಂದೆರಡು ದಿನಗಳಲ್ಲಿ ಚೇತರಿಸಿಕೊಳ್ಳುತ್ತಿದ್ದರು. ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ ಅನೇಕ ದಿಕ್ಕುಗಳಿಂದ ಕಿರಣಗಳನ್ನು ಒಂದೇ ಬಿಂದುವಿಗೆ ಹಾಯಿಸುವ ಗಾಮಾ ನೈಫ್ ಯಂತ್ರವನ್ನು ಅದೇ ದಶಕದ ಕೊನೆಗೆ ರೂಪಿಸಿದರು. 1990ರಲ್ಲಿ ಕೆಂಟಕಿಯ ರಾಯ್ ಪ್ಯಾಚೆಲ್ ಮತ್ತು ಸಂಗಡಿಗರು ಮಿದುಳಿನಲ್ಲಿ ಒಂದೇ ಗಡ್ಡೆಯಿದ್ದ 48 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯನ್ನು ಪ್ರಕಟಿಸಿದರು. ಬರಿಯ ವಿಕಿರಣ ಪಡೆದವರ ಸರಾಸರಿ ಆಯುಸ್ಸು 15 ವಾರ. ಶಸ್ತ್ರಚಿಕಿತ್ಸೆಯನ್ನೂ ಪಡೆದವರದು 40 ವಾರ. ಇದು ದೊಡ್ಡ ಮುನ್ನಡೆಯೇ ಸರಿ, ಆದರೆ ಲೆಕ್ಕ ಇನ್ನೂ ವಾರಗಳಲ್ಲೇ ನಡೆಯುತ್ತಿತ್ತು. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಮಿದುಳಿಗೆ ಬಹಳ ಒಲಿಯುವ ರೋಗ. ಅದು ತಲೆಗೇರಿದ ಮೇಲೆ ಹೆಚ್ಚಿನವರಿಗೆ ಉಳಿಯುತ್ತಿದ್ದುದು ನಾಲ್ಕೈದು ತಿಂಗಳು.

ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ತಿರುಗಿಸುವ ಕನಸು ಇದಕ್ಕಿಂತ ಹಳೆಯದು. 1891ರಲ್ಲಿ ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಕೋಲಿ, ಚರ್ಮದ ಸೋಂಕು ತಗುಲಿದ ಮೇಲೆ ಗಡ್ಡೆ ಕರಗಿಹೋದ ರೋಗಿಯೊಬ್ಬನ ದಾಖಲೆಯಿಂದ ಪ್ರೇರಿತರಾಗಿ, ಕ್ಯಾನ್ಸರ್ ರೋಗಿಗಳಿಗೆ ಬ್ಯಾಕ್ಟೀರಿಯಾವನ್ನೇ ಚುಚ್ಚತೊಡಗಿದರು. ಕೆಲವರು ಗುಣವಾದರು, ಏಕೆಂದು ಯಾರಿಗೂ ಹೇಳಲಾಗಲಿಲ್ಲ, ವಿಕಿರಣದ ಯುಗ ಬಂದಾಗ ಕೋಲಿಯ ಹಾದಿ ಮಸುಕಾಯಿತು. ಕಾರಣ ತಿಳಿದದ್ದು ಇಪ್ಪತ್ತನೆಯ ಶತಮಾನದ ಕೊನೆಗೆ. ಟಿ ಕೋಶಗಳೆಂಬ ಬಿಳಿ ರಕ್ತಕಣಗಳು ರೋಗದ ಕೋಶಗಳನ್ನು ಗುರುತಿಸಿ ಕೊಲ್ಲಬಲ್ಲವು. ಆದರೆ ಅವು ಮಿತಿಮೀರಿ ನಮ್ಮದೇ ಅಂಗಗಳ ಮೇಲೆ ಬೀಳದಂತೆ ಅವುಗಳ ಮೈಮೇಲೆಯೇ ಬ್ರೇಕುಗಳಂಥ ಪ್ರೋಟೀನುಗಳಿವೆ. ಕ್ಯಾನ್ಸರ್ ಬದುಕಿಕೊಳ್ಳುವುದು ಈ ಬ್ರೇಕನ್ನು ಒತ್ತಿಹಿಡಿದು. ಜಪಾನಿನ ಕ್ಯೋಟೋದಲ್ಲಿ ತಸುಕು ಹೊಂಜೊ ಅವರ ತಂಡ 1992ರಲ್ಲಿ ಪಿಡಿ-1 ಎಂಬ ಪ್ರೋಟೀನನ್ನು ಪತ್ತೆಹಚ್ಚಿತು. ಅದೂ ಅಂಥದೊಂದು ಬ್ರೇಕು ಎಂದು ಮುಂದೆ ತಿಳಿಯಿತು. ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಜೇಮ್ಸ್ ಆಲಿಸನ್, ಸಿಟಿಎಲ್‌ಎ-4 ಎಂಬ ಇನ್ನೊಂದು ಬ್ರೇಕನ್ನು ಪ್ರತಿಕಾಯದಿಂದ ತಡೆದರೆ ಇಲಿಗಳ ಗಡ್ಡೆ ಕರಗುತ್ತದೆ ಎಂದು 1996ರಲ್ಲಿ ತೋರಿಸಿದರು. ಇಬ್ಬರಿಗೂ 2018ರ ನೊಬೆಲ್ ಬಂತು.

ಆಲಿಸನ್‌ರ ಶೋಧದಿಂದ ಹುಟ್ಟಿದ ಇಪಿಲಿಮುಮ್ಯಾಬ್ ಔಷಧಿಯ ದೊಡ್ಡ ಪರೀಕ್ಷೆಯ ಫಲಿತಾಂಶ 2010ರಲ್ಲಿ ಹೊರಬಂತು. ದೇಹದೆಲ್ಲೆಡೆ ಹರಡಿದ ಮೆಲನೋಮದಲ್ಲಿ ಆಯುಸ್ಸನ್ನು ಹೆಚ್ಚಿಸಿದ ಮೊದಲ ಔಷಧಿ ಅದು. ಹೋಲಿಕೆಗೆ ಕೊಟ್ಟ ಲಸಿಕೆ ಪಡೆದವರ ಸರಾಸರಿ ಆಯುಸ್ಸು 6.4 ತಿಂಗಳು, ಇದನ್ನು ಪಡೆದವರದು ಸುಮಾರು 10 ತಿಂಗಳು. ಅದಕ್ಕಿಂತ ಮುಖ್ಯವಾಗಿ, ಕೆಲವರು ವರ್ಷಗಟ್ಟಲೆ ಬದುಕಿದರು. 676 ಜನರ ಆ ಪರೀಕ್ಷೆಯಲ್ಲಿಯೂ ಮಿದುಳಿನಲ್ಲಿ ಚಿಕಿತ್ಸೆಯಾಗದ ಗಡ್ಡೆ ಇದ್ದವರಿಗೆ ಜಾಗವಿರಲಿಲ್ಲ. ಹೊರಗಿಡಲು ಕಾರಣಗಳೂ ಇದ್ದವು. ಅವರ ಆಯುಸ್ಸು ಕಡಿಮೆ, ಈ ಔಷಧಿ ಫಲಕೊಡಲು ವಾರಗಳು ಬೇಕು. ಮೆಲನೋಮದ ಗಡ್ಡೆಗಳು ಮಿದುಳಿನಲ್ಲಿ ರಕ್ತ ಸುರಿಸುವ ಸ್ವಭಾವದವು. ಟಿ ಕೋಶಗಳು ನುಗ್ಗಿ ಗಡ್ಡೆ ಊದಿಕೊಂಡರೆ ತಲೆಬುರುಡೆಯಲ್ಲಿ ಅದಕ್ಕೆ ಜಾಗವಿಲ್ಲ. ಇವೆಲ್ಲ ನಿಜವಾದ ಆತಂಕಗಳೇ. ಆದರೆ ಹೊರಗಿಟ್ಟಷ್ಟು ಕಾಲ ಆ ಆತಂಕ ಎಷ್ಟರಮಟ್ಟಿಗೆ ಸರಿ ಎಂದು ಪರೀಕ್ಷಿಸುವ ದಾರಿಯೂ ಇರಲಿಲ್ಲ.

ಆ ದಾರಿಯನ್ನು ತೆರೆದದ್ದು ಅಮೆರಿಕದ ವೈದ್ಯೆ ಕಿಮ್ ಮಾರ್ಗೊಲಿನ್ ಮತ್ತು ಸಹೋದ್ಯೋಗಿಗಳು 2012ರಲ್ಲಿ ಪ್ರಕಟಿಸಿದ ಪರೀಕ್ಷೆ. ಹತ್ತು ಆಸ್ಪತ್ರೆಗಳಲ್ಲಿ, ಮೆಲನೋಮ ಮಿದುಳಿಗೆ ಹರಡಿದ 72 ಜನರನ್ನೇ ಆರಿಸಿ ಇಪಿಲಿಮುಮ್ಯಾಬ್ ಕೊಟ್ಟರು. ಅವರಲ್ಲಿ 51 ಜನರಿಗೆ ಮಿದುಳಿನ ಗಡ್ಡೆಯಿಂದ ತೊಂದರೆ ಕಾಣಿಸಿಕೊಂಡಿರಲಿಲ್ಲ, ಸ್ಟೀರಾಯ್ಡ್ ಬೇಕಿರಲಿಲ್ಲ. ಉಳಿದ 21 ಜನ ತೊಂದರೆಯಿಂದ ಸ್ಟೀರಾಯ್ಡ್ ಮೇಲೆ ಇದ್ದವರು. ಮೊದಲ ಗುಂಪಿನ ಶೇ. 24ರಷ್ಟು ಜನರಲ್ಲಿ ಮಿದುಳಿನ ರೋಗ ಹತೋಟಿಗೆ ಬಂತು. ಎರಡನೆಯ ಗುಂಪಿನಲ್ಲಿ ಶೇ. 10ರಷ್ಟು ಜನರಲ್ಲಿ ಮಾತ್ರ. ಸರಾಸರಿ ಆಯುಸ್ಸು ಕ್ರಮವಾಗಿ 7 ತಿಂಗಳು ಮತ್ತು 3.7 ತಿಂಗಳು. ಸಣ್ಣ ಅಂಕಿಗಳಿವು. ಆದರೂ ಎರಡು ವಿಷಯ ಕಂಡುಬಂದವು. ಟಿ ಕೋಶಗಳು ಮಿದುಳಿನ ಗಡ್ಡೆಯನ್ನು ತಲುಪಿ ಹೊಡೆಯಬಲ್ಲವು ಎಂಬುದು ಒಂದು. ಇನ್ನೊಂದು ಕಹಿಯಾದದ್ದು: ಊತ ಇಳಿಸಿ ಪ್ರಾಣ ಹಿಡಿದಿಡುವ ಸ್ಟೀರಾಯ್ಡೇ ರೋಗನಿರೋಧಕ ಶಕ್ತಿಯನ್ನು ತಗ್ಗಿಸಿ ಹೊಸ ಔಷಧಿಗೆ ಅಡ್ಡವಾಗಬಹುದು. ಈ ಇಕ್ಕಟ್ಟು ಅಂದಿನಿಂದ ಇಂದಿನವರೆಗೂ ವೈದ್ಯರ ಬೆನ್ನುಬಿಟ್ಟಿಲ್ಲ.

ಎರಡು ವರ್ಷಗಳಲ್ಲಿ ಪಿಡಿ-1 ಬ್ರೇಕನ್ನು ತಡೆಯುವ ಪೆಂಬ್ರೊಲಿಜುಮ್ಯಾಬ್ ಮತ್ತು ನಿವೊಲುಮ್ಯಾಬ್ ಬಂದವು. ಯೇಲ್ ವಿಶ್ವವಿದ್ಯಾಲಯದ ಸಾರಾ ಗೋಲ್ಡ್‌ಬರ್ಗ್ ಮತ್ತು ಹ್ಯಾರಿಯೆಟ್ ಕ್ಲೂಗರ್ ಇನ್ನೊಂದು ಹೆಜ್ಜೆ ಮುಂದಿಟ್ಟು ಮೆಲನೋಮದ ಜೊತೆಗೆ ಶ್ವಾಸಕೋಶದ ಕ್ಯಾನ್ಸರಿನವರನ್ನೂ ಸೇರಿಸಿಕೊಂಡರು. 2016ರಲ್ಲಿ ಅವರು ಪ್ರಕಟಿಸಿದ ಮೊದಲ ವರದಿಯಲ್ಲಿ ಎರಡೂ ರೋಗಗಳ ತಲಾ 18 ಜನರಿದ್ದರು. ಪೆಂಬ್ರೊಲಿಜುಮ್ಯಾಬ್ ಒಂದರಿಂದಲೇ ಮೆಲನೋಮದ ನಾಲ್ವರಲ್ಲಿ, ಶ್ವಾಸಕೋಶದ ಆರು ಜನರಲ್ಲಿ ಮಿದುಳಿನ ಗಡ್ಡೆಗಳು ಗಣನೀಯವಾಗಿ ಕುಗ್ಗಿದ್ದವು. ಚರ್ಮದ ಕ್ಯಾನ್ಸರಿಗೆ ಮಾತ್ರ ಸೀಮಿತವಾದ ವಿಚಿತ್ರ ಇದಲ್ಲ ಎಂಬುದಕ್ಕೆ ಅಷ್ಟು ಸಾಕ್ಷಿ ಸಾಕಿತ್ತು.

ಈ ನಡುವೆ ವೈದ್ಯಪತ್ರಿಕೆಗಳ ಆಚೆಗೂ ಸುದ್ದಿ ಹಬ್ಬಲು ಕಾರಣವಾದ ಘಟನೆಯೊಂದು ನಡೆಯಿತು. 2015ರ ಆಗಸ್ಟ್ 20ರಂದು ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅಟ್ಲಾಂಟಾದಲ್ಲಿ ಪತ್ರಕರ್ತರ ಮುಂದೆ ಕುಳಿತು, ತಮ್ಮ ಮೆಲನೋಮ ಯಕೃತ್ತಿನಿಂದಾಚೆಗೆ ಮಿದುಳಿಗೂ ಹರಡಿದೆ, ಸುಮಾರು ಎರಡೆರಡು ಮಿಲಿಮೀಟರಿನ ನಾಲ್ಕು ಚುಕ್ಕೆಗಳು ಕಂಡಿವೆ ಎಂದು ಶಾಂತವಾಗಿ ತಿಳಿಸಿದರು. ಆಗ ಅವರಿಗೆ 90 ವರ್ಷ. ಐದು ವರ್ಷ ಹಿಂದಾಗಿದ್ದರೆ ಅದು ವಿದಾಯದ ಮಾತೇ ಆಗುತ್ತಿತ್ತು. ಅವರಿಗೆ ಚುಕ್ಕೆಗಳಿಗಷ್ಟೇ ಗುರಿಯಿಟ್ಟ ವಿಕಿರಣ ಕೊಟ್ಟು, ಮೂರು ವಾರಕ್ಕೊಮ್ಮೆ ಪೆಂಬ್ರೊಲಿಜುಮ್ಯಾಬ್ ಆರಂಭಿಸಿದರು. ಡಿಸೆಂಬರ್ 6ರಂದು ತಮ್ಮೂರಾದ ಪ್ಲೇನ್ಸ್‌ನ ಚರ್ಚಿನಲ್ಲಿ ಭಾನುವಾರದ ಪಾಠ ಹೇಳುತ್ತ, ಹೊಸ ಸ್ಕ್ಯಾನಿನಲ್ಲಿ ಕ್ಯಾನ್ಸರ್ ಕಾಣಿಸಲಿಲ್ಲ ಎಂದು ಅವರು ಸೇರಿದವರಿಗೆ ತಿಳಿಸಿದರು. 2016ರ ಮಾರ್ಚ್‌ನಲ್ಲಿ ಔಷಧಿ ನಿಂತಿತು. ಅವರು ತೀರಿಕೊಂಡದ್ದು 2024ರ ಡಿಸೆಂಬರ್‌ನಲ್ಲಿ, ನೂರು ತುಂಬಿದ ಮೇಲೆ. ಅವರನ್ನು ಉಳಿಸಿದ್ದರಲ್ಲಿ ವಿಕಿರಣದ ಪಾಲೆಷ್ಟು, ಔಷಧಿಯ ಪಾಲೆಷ್ಟು ಎಂದು ಒಬ್ಬರ ಉದಾಹರಣೆಯಿಂದ ಬಿಡಿಸಿ ಹೇಳಲಾಗದು. ಆದರೆ ಮಿದುಳಿಗೆ ಹರಡಿದೆ ಎಂಬ ಮಾತು ಕೇಳಿದ ಲಕ್ಷಾಂತರ ಕುಟುಂಬಗಳು ಆಮೇಲೆ ವೈದ್ಯರನ್ನು ಕೇಳುವ ಪ್ರಶ್ನೆಯೇ ಬದಲಾಯಿತು.

ಉತ್ತರ ಕೊಡುವಷ್ಟು ದೊಡ್ಡ ಪರೀಕ್ಷೆಗಳು ಆಗ ಎರಡು ಖಂಡಗಳಲ್ಲಿ ನಡೆಯುತ್ತಿದ್ದವು. ಮೆಲನೋಮ ಅತಿ ಹೆಚ್ಚಾಗಿ ಕಾಡುವ ದೇಶಗಳಲ್ಲೊಂದಾದ ಆಸ್ಟ್ರೇಲಿಯದಲ್ಲಿ ಸಿಡ್ನಿಯ ಜಾರ್ಜಿನಾ ಲಾಂಗ್ ಅವರ ನೇತೃತ್ವದಲ್ಲಿ ನಾಲ್ಕು ಕೇಂದ್ರಗಳು ಸೇರಿದವು. ಎರಡೂ ಬ್ರೇಕುಗಳನ್ನು ಒಟ್ಟಿಗೆ ತಡೆದರೆ ಏನಾಗುತ್ತದೆ, ಒಂದನ್ನೇ ತಡೆದರೆ ಏನಾಗುತ್ತದೆ ಎಂದು ಅವರು ಅಳೆದರು. ನಿವೊಲುಮ್ಯಾಬ್ ಮತ್ತು ಇಪಿಲಿಮುಮ್ಯಾಬ್ ಎರಡನ್ನೂ ಪಡೆದವರಲ್ಲಿ ಶೇ. 46ರಷ್ಟು ಜನರ ಮಿದುಳಿನ ಗಡ್ಡೆಗಳು ಕುಗ್ಗಿದವು. ನಿವೊಲುಮ್ಯಾಬ್ ಒಂದನ್ನೇ ಪಡೆದವರಲ್ಲಿ ಶೇ. 20. ಬೇರೆ ಚಿಕಿತ್ಸೆ ಫಲಿಸದೆ ಇದ್ದವರು, ತೊಂದರೆ ಕಾಣಿಸಿಕೊಂಡವರು, ಮಿದುಳ ಹೊದಿಕೆಗೆ ರೋಗ ಹಬ್ಬಿದವರು ಸೇರಿದ ಮೂರನೆಯ ಗುಂಪಿನಲ್ಲಿ ಶೇ. 6 ಮಾತ್ರ. ಅಮೆರಿಕದಲ್ಲಿ ಹ್ಯೂಸ್ಟನ್ನಿನ ಎಂ.ಡಿ. ಆಂಡರ್‌ಸನ್ ಕೇಂದ್ರದ ಹುಸೇನ್ ತವ್ಬಿ ಮುನ್ನಡೆಸಿದ ಪರೀಕ್ಷೆಯ ವರದಿಯೂ ಸಿಡ್ನಿಯದರಂತೆ 2018ರಲ್ಲೇ ಬಂತು. ತೊಂದರೆ ಕಾಣಿಸಿಕೊಂಡಿರದ 94 ಜನರಿಗೆ ಎರಡೂ ಔಷಧಿ ಕೊಟ್ಟಾಗ ಶೇ. 57ರಷ್ಟು ಜನರಿಗೆ ಮಿದುಳಿನಲ್ಲಿ ಪ್ರಯೋಜನವಾಗಿತ್ತು, ಶೇ. 26ರಷ್ಟು ಜನರ ಸ್ಕ್ಯಾನಿನಲ್ಲಿ ಮಿದುಳಿನ ಗಡ್ಡೆ ಪೂರ್ತಿ ಮಾಯವಾಗಿತ್ತು. ತಲೆಬುರುಡೆಯ ಹೊರಗಿನ ಗಡ್ಡೆಗಳೂ ಹೆಚ್ಚುಕಡಿಮೆ ಇದೇ ಪ್ರಮಾಣದಲ್ಲಿ ಮಣಿದಿದ್ದವು. ಮಿದುಳು ಬೇರೆಯೇ ಲೋಕ ಎಂಬ ಹಳೆಯ ಪಾಠಕ್ಕೆ ಇದಕ್ಕಿಂತ ನೇರವಾದ ಉತ್ತರ ಇರಲಾರದು.

ಮೂರು ವರ್ಷಗಳ ನಂತರ ಲೆಕ್ಕ ಹಾಕಿದಾಗ, ಹ್ಯೂಸ್ಟನ್ ಪರೀಕ್ಷೆಯಲ್ಲಿ ತೊಂದರೆಯಿಲ್ಲದೆ ಚಿಕಿತ್ಸೆ ಆರಂಭಿಸಿದವರಲ್ಲಿ ಶೇ. 72ರಷ್ಟು ಜನ ಬದುಕಿದ್ದರು. ಸಿಡ್ನಿಯ ಜೋಡಿ ಔಷಧಿಯ ಗುಂಪಿನಲ್ಲಿ ಐದು ವರ್ಷ ಕಳೆದ ಮೇಲೂ ಸುಮಾರು ಅರ್ಧದಷ್ಟು ಜನರಿದ್ದರು. ವಾರಗಳಲ್ಲಿ, ತಿಂಗಳುಗಳಲ್ಲಿ ಎಣಿಸುತ್ತಿದ್ದ ಆಯುಸ್ಸನ್ನು ವರ್ಷಗಳಲ್ಲಿ ಎಣಿಸುವಂತಾಯಿತು. ಅದೇ ಕಾಲಕ್ಕೆ ಬಂದ ಇನ್ನೊಂದು ಬಗೆಯ ಚಿಕಿತ್ಸೆಯ ಜೊತೆ ಇಟ್ಟು ನೋಡಿದರೆ ಇದರ ಬೆಲೆ ಇನ್ನಷ್ಟು ತಿಳಿಯುತ್ತದೆ. ಬಿರಾಫ್ ಎಂಬ ಜೀನಿನಲ್ಲಿ ದೋಷವಿರುವ ಮೆಲನೋಮಕ್ಕೆ ಕೊಡುವ ಡಬ್ರಾಫೆನಿಬ್, ಟ್ರಾಮೆಟಿನಿಬ್ ಮಾತ್ರೆಗಳು 2017ರ ಪರೀಕ್ಷೆಯೊಂದರಲ್ಲಿ ಶೇ. 58ರಷ್ಟು ಜನರ ಮಿದುಳಿನ ಗಡ್ಡೆಯನ್ನು ಕುಗ್ಗಿಸಿದ್ದವು. ಆದರೆ ಆ ಫಲ ನಿಂತದ್ದು ಸರಾಸರಿ ಆರೂವರೆ ತಿಂಗಳು. ರೋಗನಿರೋಧಕ ಶಕ್ತಿ ಒಮ್ಮೆ ರೋಗವನ್ನು ಗುರುತು ಹಿಡಿದರೆ ಆ ನೆನಪು ಉಳಿಯುತ್ತದೆ. ಮಾತ್ರೆಗೆ ಅಂಥ ನೆನಪಿಲ್ಲ.

ಇದಕ್ಕೆ ದೇಹ ತೆರಬೇಕಾದ ದಂಡವೂ ದೊಡ್ಡದೇ. ಬ್ರೇಕು ತೆಗೆದ ಟಿ ಕೋಶಗಳು ಕರುಳು, ಯಕೃತ್ತು, ಚರ್ಮ, ಹಾರ್ಮೋನು ಗ್ರಂಥಿಗಳ ಮೇಲೂ ಬೀಳುತ್ತವೆ. ಹ್ಯೂಸ್ಟನ್ ತಂಡದ ಪರೀಕ್ಷೆಯಲ್ಲಿ ಅರ್ಧಕ್ಕೂ ಹೆಚ್ಚು ಜನ ತೀವ್ರ ಅಡ್ಡಪರಿಣಾಮ ಅನುಭವಿಸಿದರು, ಒಬ್ಬರು ಹೃದಯದ ಸ್ನಾಯುವಿನ ಉರಿಯೂತದಿಂದ ತೀರಿಕೊಂಡರು. ಮಿದುಳಿನ ತೊಂದರೆ ಆಗಲೇ ಕಾಣಿಸಿಕೊಂಡಿದ್ದ 18 ಜನರ ಗುಂಪಿನಲ್ಲಿ ಪ್ರಯೋಜನ ಕಂಡದ್ದು ಮೂವರಿಗೆ. ರೋಗ ಬೇಗ ಪತ್ತೆಯಾಗಿ ಸ್ಟೀರಾಯ್ಡ್ ಬೇಕಾಗದವರಿಗೂ, ತಡವಾಗಿ ಬಂದವರಿಗೂ ನಡುವಿನ ಈ ಅಂತರ ಈ ಮೆಲನೋಮ ಪರೀಕ್ಷೆಗಳಲ್ಲಿ ಮರುಕಳಿಸಿದೆ.

ಮಿದುಳನ್ನು ಟಿ ಕೋಶಗಳು ಹೇಗೆ ತಲುಪುತ್ತವೆ ಎಂಬುದಕ್ಕೂ ಇದೇ ವರ್ಷಗಳಲ್ಲಿ ಬೆಳಕು ಬಿತ್ತು. 2015ರಲ್ಲಿ ವರ್ಜೀನಿಯಾದ ಜೊನಾಥನ್ ಕಿಪ್ನಿಸ್ ಅವರ ತಂಡವೂ ಹೆಲ್ಸಿಂಕಿಯ ಕಾರಿ ಅಲಿಟಲೊ ಅವರ ತಂಡವೂ ಬೇರೆ ಬೇರೆಯಾಗಿ, ಮಿದುಳ ಹೊದಿಕೆಯಲ್ಲಿ ದುಗ್ಧರಸ ನಾಳಗಳಿವೆ ಎಂದು ಇಲಿಗಳಲ್ಲಿ ತೋರಿಸಿದವು. ಮಿದುಳಿನ ಸುದ್ದಿ ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ಹೋಗುವ ದಾರಿ ಇದು. 2018ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಇನ್ನೂ ಮಹತ್ವದ ಸಂಗತಿಯನ್ನು ಕಂಡರು. ಮಿದುಳಿನಲ್ಲಿ ಮಾತ್ರ ಮೆಲನೋಮ ಇದ್ದ ಇಲಿಗಳಲ್ಲಿ ಜೋಡಿ ಔಷಧಿ ಫಲಿಸಲಿಲ್ಲ. ಮೈಯಲ್ಲೂ ಗಡ್ಡೆಯಿದ್ದ ಇಲಿಗಳಲ್ಲಿ ಮಿದುಳಿನ ಗಡ್ಡೆ ಹತೋಟಿಗೆ ಬಂತು. ಮೈಯ ಗಡ್ಡೆಯನ್ನು ಕಂಡು ಎಚ್ಚೆತ್ತು ಸಂಖ್ಯೆಯಲ್ಲಿ ಹೆಚ್ಚಿದ ಟಿ ಕೋಶಗಳು ರಕ್ತದಲ್ಲಿ ಸಾಗಿ ಮಿದುಳಿಗೆ ಹೋಗಿದ್ದವು. ಮೆಡಾವರ್ 1948ರಲ್ಲಿ ಮೊಲಗಳಲ್ಲಿ ಕಂಡಿದ್ದ ಎರಡನೆಯ ಅರ್ಧವೇ ಇದು. ಔಷಧಿ ಮಿದುಳಿನ ತಡೆಯನ್ನು ದಾಟಬೇಕೆಂದೇ ಇಲ್ಲ. ಹೊರಗೆ ಎಚ್ಚೆತ್ತ ಕೋಶ ದಾಟಿದರೆ ಸಾಕು.

ಬಗೆಹರಿಯದ ವಾದಗಳಿವೆ. ತೊಂದರೆಯಿಲ್ಲದ ಸಣ್ಣ ಗಡ್ಡೆಗಳಿಗೆ ಮೊದಲೇ ಗುರಿಯಿಟ್ಟ ವಿಕಿರಣ ಕೊಡಬೇಕೆ, ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ಈ ಚಿಕಿತ್ಸೆಯನ್ನಷ್ಟೇ, ಅಂದರೆ ಇಮ್ಯುನೊಥೆರಪಿಯನ್ನಷ್ಟೇ, ಕೊಟ್ಟು ಕಾಯಬಹುದೆ ಎಂಬುದು ಮುಖ್ಯವಾದದ್ದು. ವಿಕಿರಣವು ಗಡ್ಡೆಯ ಅಂಶಗಳನ್ನು ಹೊರಚೆಲ್ಲಿ ಟಿ ಕೋಶಗಳಿಗೆ ಗುರುತು ಸಿಗುವಂತೆ ಮಾಡುತ್ತದೆ, ಎರಡೂ ಸೇರಿದರೆ ಒಳ್ಳೆಯದು ಎನ್ನುವವರಿದ್ದಾರೆ. ವಿಕಿರಣದಿಂದ ಮಿದುಳಿನ ಅಂಗಾಂಶ ಸಾಯುವ ಅಪಾಯವಿದೆ, ಫಲಿಸುವವರಿಗೆ ಅದನ್ನು ತಪ್ಪಿಸಬಹುದು ಎನ್ನುವವರೂ ಇದ್ದಾರೆ. ಸಿಡ್ನಿಯ ತಂಡ ಈ ಪ್ರಶ್ನೆಗೇ ಇನ್ನೊಂದು ಪರೀಕ್ಷೆಯನ್ನು ಕೈಗೆತ್ತಿಕೊಂಡಿತು. ಸ್ಕ್ಯಾನಿನಲ್ಲಿ ಗಡ್ಡೆ ದೊಡ್ಡದಾಗಿ ಕಂಡಾಗ ರೋಗ ಬೆಳೆದಿದೆಯೋ, ಟಿ ಕೋಶಗಳು ನುಗ್ಗಿ ಊದಿದೆಯೋ ಎಂದು ತಿಳಿಯುವುದೂ ಸುಲಭವಲ್ಲ.

ನಿಯಮಗಳು ಮಾತ್ರ ಬದಲಾದವು. ಮಿದುಳಿಗೆ ಹರಡಿದವರನ್ನು ಸಾರಾಸಗಟಾಗಿ ಹೊರಗಿಡಬಾರದು ಎಂದು ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ 2017ರಲ್ಲಿ ಶಿಫಾರಸು ಮಾಡಿತು. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಅದೇ ಅರ್ಥದ ಮಾರ್ಗಸೂಚಿಯನ್ನು ಅಂತಿಮಗೊಳಿಸಿತು. ಸ್ಪೇನಿನಲ್ಲಿ ಮಿದುಳಿಗೆ ಹರಡಿದ ಶ್ವಾಸಕೋಶದ ಕ್ಯಾನ್ಸರಿನ 40 ರೋಗಿಗಳ ಪರೀಕ್ಷೆ ನಡೆಯಿತು. ಕೀಮೋ ಜೊತೆಗೆ ಇದೇ ಬಗೆಯ ಇನ್ನೊಂದು ಔಷಧಿಯಾದ ಅಟೆಜೊಲಿಜುಮ್ಯಾಬ್ ಕೊಟ್ಟ ಅದರಲ್ಲಿ ಅಲ್ಪ ಪ್ರಮಾಣದ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದವರಿಗೂ ಅವಕಾಶವಿತ್ತು. ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನರ ಮಿದುಳಿನ ಗಡ್ಡೆ ಕುಗ್ಗಿತು.

ನಮ್ಮ ದೇಶದ ಪಾಲಿಗೆ ಈ ಕಥೆ ಅರ್ಧದಲ್ಲಿದೆ. ಮೆಲನೋಮ ಇಲ್ಲಿ ವಿರಳ. ನಮ್ಮವರ ಮಿದುಳಿಗೆ ಹೆಚ್ಚಾಗಿ ಹರಡುವುದು ಶ್ವಾಸಕೋಶದ ಮತ್ತು ಸ್ತನದ ಕ್ಯಾನ್ಸರ್. ಶ್ವಾಸಕೋಶದ ಅಡಿನೊಕಾರ್ಸಿನೋಮ ಇರುವ ಭಾರತೀಯರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇಜಿಎಫ್‌ಆರ್ ಜೀನಿನ ದೋಷವಿರುತ್ತದೆ. ಅಂಥವರಿಗೆ ಇಮ್ಯುನೊಥೆರಪಿ ಅಷ್ಟಾಗಿ ಒಗ್ಗುವುದಿಲ್ಲ, ಆಸಿಮರ್ಟಿನಿಬ್‌ನಂಥ ಮಾತ್ರೆಗಳೇ ಮಿದುಳನ್ನೂ ತಲುಪಿ ಕೆಲಸ ಮಾಡುತ್ತವೆ. ಉಳಿದವರಿಗೆ ಎದುರಾಗುವ ಅಡ್ಡಿ ಬೆಲೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ತಲೆ-ಕುತ್ತಿಗೆಯ ಕ್ಯಾನ್ಸರಿನ 151 ರೋಗಿಗಳಲ್ಲಿ, ನಿವೊಲುಮ್ಯಾಬನ್ನು ರೂಢಿಯ ಪ್ರಮಾಣದ ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ, ಅಂದರೆ ಮೂರು ವಾರಕ್ಕೆ 20 ಮಿಲಿಗ್ರಾಂ, ಅಗ್ಗದ ಮಾತ್ರೆಗಳ ಜೊತೆ ಕೊಟ್ಟು ನೋಡಿದರು. ಮಾತ್ರೆಗಳನ್ನಷ್ಟೇ ಪಡೆದವರಲ್ಲಿ ವರ್ಷದ ನಂತರ ಬದುಕಿದ್ದವರು ಶೇ. 16, ಔಷಧಿಯನ್ನೂ ಪಡೆದವರಲ್ಲಿ ಶೇ. 43. ಅದು ಮಿದುಳಿಗೆ ಹರಡಿದ ಕ್ಯಾನ್ಸರಿನ ಪರೀಕ್ಷೆಯಲ್ಲ. ಆದರೆ ಅಲ್ಪ ಪ್ರಮಾಣದಲ್ಲೂ ಟಿ ಕೋಶಗಳನ್ನು ಎಚ್ಚರಿಸಬಹುದು ಎಂದಾದರೆ, ಎಚ್ಚೆತ್ತ ಕೋಶ ಮಿದುಳಿಗೂ ಹೋಗಬಲ್ಲದು ಎಂದಾದರೆ, ಅವೆರಡನ್ನೂ ಜೋಡಿಸಿ ನೋಡುವ ಪರೀಕ್ಷೆ ನಡೆಯಲೇಬೇಕು. ಒಂದು ಪೀಳಿಗೆಯ ರೋಗಿಗಳನ್ನು ಅರ್ಧ ತಿಳಿವಳಿಕೆಯ ಮೇಲೆ ಹೊರಗಿಟ್ಟದ್ದರ ಫಲವನ್ನು ಜಗತ್ತು ಕಂಡಿದೆ. ಬೆಲೆಯ ಕಾರಣಕ್ಕೆ ಇನ್ನೊಂದು ಪೀಳಿಗೆ ಹೊರಗುಳಿಯದಂತೆ ನೋಡಿಕೊಳ್ಳುವ ಕೆಲಸ ನಮ್ಮ ಆಸ್ಪತ್ರೆಗಳದು, ನಮ್ಮ ಸರ್ಕಾರಗಳದು.